ಮೂರು ಮಕ್ಕಳ ರಕ್ತದಲ್ಲಿ ಒಂದೇ ಬ್ಯಾಕ್ಟೀರಿಯಾ: ವಾರ್ಡ್ ಇನ್‌ಚಾರ್ಜ್ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಜಿಲ್ಲಾ ಮಟ್ಟದ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಇತ್ತೀಚೆಗೆ ನವಜಾತ ಶಿಶುಗಳ ಘಟಕಕ್ಕೆ ಇನ್‌ಚಾರ್ಜ್ ಮಾಡಿದ್ದಾರೆ. ಎರಡು ವಾರದಲ್ಲಿ ಮೂರು ಮಕ್ಕಳ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬಂದಿದೆ. ಒಂದು ಮಗು ಉಳಿಯಲಿಲ್ಲ. ವಿವರಣೆ ಕೇಳಿ ನರ್ಸ್‌ಗಳಿಗೆ ಮಾತ್ರ ಮೆಮೊ ಕೊಟ್ಟಿದ್ದಾರೆ. ಘಟಕಕ್ಕೆ ಫ್ಯೂಮಿಗೇಶನ್ (ಕ್ರಿಮಿನಾಶಕ ಹೊಗೆ) ಮಾಡಿಸಿ, ತಾಯಂದಿರನ್ನು ಒಳಗೆ ಬಿಡಬೇಡಿ ಅಂತ ಮೇಲಿನಿಂದ ಸೂಚನೆ ಬಂದಿದೆ. ಡಾಕ್ಟರ್ ಕೈ ಸ್ವಚ್ಛ ಮಾಡಿಕೊಳ್ಳದೆ ಮಗುವನ್ನು ಮುಟ್ಟಿದರೂ ನಮ್ಮ ಹುಡುಗಿಯರು ಬಾಯಿ ಬಿಡುವುದಿಲ್ಲ. ನಾನು ಮೊದಲು ಏನು ಮಾಡಲಿ?

ಉತ್ತರ: ಸಿಸ್ಟರ್, ಎರಡು ವಾರದಲ್ಲಿ ಒಂದೇ ಘಟಕದ ಮೂರು ಮಕ್ಕಳ ರಕ್ತದಲ್ಲಿ ಒಂದೇ ಬ್ಯಾಕ್ಟೀರಿಯಾ ಸಿಕ್ಕಿದರೆ ಅದನ್ನು ಕಾಕತಾಳೀಯ ಅಂತ ಬಿಡುವ ಹಾಗಿಲ್ಲ. ಬೇರೆ ಏನೋ ಅಂತ ಗೊತ್ತಾಗುವವರೆಗೂ ಅದನ್ನು ಔಟ್‌ಬ್ರೇಕ್ (ಹರಡುತ್ತಿರುವ ಸೋಂಕು) ಅಂತಲೇ ತಿಳಿದು ಕೆಲಸ ಮಾಡಿ. ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೆ ಇವತ್ತೇ ಲಿಖಿತವಾಗಿ ತಿಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ನಾಳೆ ಯಾರಿಗೂ ನೆನಪಿರುವುದಿಲ್ಲ.

ಆಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಮೂರು ಮಕ್ಕಳಿಗೂ ಒಂದೊಂದು ಸಾಲು. ಹುಟ್ಟಿದ್ದು ಎಲ್ಲಿ, ಯಾವ ದಿನ ದಾಖಲು, ಯಾವ ವಾರ್ಮರ್ (ಮಗುವನ್ನು ಬೆಚ್ಚಗಿಡುವ ಹಾಸಿಗೆ), ಪಕ್ಕದಲ್ಲಿ ಯಾರಿದ್ದರು, ಕ್ಯಾನುಲಾ (ಔಷಧ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಿದ್ದು ಯಾವಾಗ, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಹೋಗುವ ಕೊಳವೆ) ಇತ್ತಾ, ಸಿಪ್ಯಾಪ್ (ಉಸಿರಾಟಕ್ಕೆ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ) ಇತ್ತಾ, ಏನೇನು ಇಂಜೆಕ್ಷನ್ ಹೋಯಿತು, ಹಾಲು ಹೇಗೆ ಕುಡಿಸಿದಿರಿ, ಜ್ವರವೋ ಉಸಿರಾಟದ ತೊಂದರೆಯೋ ಶುರುವಾದದ್ದು ಯಾವತ್ತು. ಯಾವ ಶಿಫ್ಟ್‌ನಲ್ಲಿ ಎಷ್ಟು ಜನ ಇದ್ದರು ಅನ್ನುವುದೂ ಬೇಕು. ಡ್ಯೂಟಿಯಲ್ಲಿದ್ದವರ ಹೆಸರು ಸದ್ಯಕ್ಕೆ ಬೇಡ. ಈ ಹಾಳೆಯಲ್ಲಿ ನೀವು ಹುಡುಕುವುದು ತಪ್ಪಿತಸ್ಥರನ್ನಲ್ಲ, ಈ ಮೂರೂ ಮಕ್ಕಳಿಗೆ ಸಮಾನವಾಗಿದ್ದ ವಸ್ತು ಅಥವಾ ವಿಧಾನವನ್ನು. ಲ್ಯಾಬ್‌ಗೆ ಫೋನ್ ಮಾಡಿ ಮೂರೂ ಕಲ್ಚರ್‌ಗಳ ಪಟ್ಟಿ (ಯಾವ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಅನ್ನುವುದು) ಒಂದೇ ಥರ ಇದೆಯಾ ಕೇಳಿ. ಆ ಬ್ಯಾಕ್ಟೀರಿಯಾವನ್ನು ಎಸೆಯದೆ ಇಟ್ಟುಕೊಳ್ಳಲು ಹೇಳಿ. ಪರಿಸರದಲ್ಲಿ ಏನಾದರೂ ಸಿಕ್ಕರೆ ಆಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.

ಇವತ್ತೇ ಆಗಬೇಕಾದ ಇನ್ನೊಂದು ಕೆಲಸ: ಸೋಂಕಿರುವ ಮಕ್ಕಳನ್ನು ಒಂದು ಕಡೆ ಮಾಡಿ. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಒಂದು ಮೂಲೆ ಸಾಕು. ಅವರಿಗೆ ಬೇರೆ ಸ್ಟೆಥಾಸ್ಕೋಪ್, ಬೇರೆ ಥರ್ಮಾಮೀಟರ್, ಬೇರೆ ಅಳತೆ ಟೇಪ್ ಇಡಿ. ಶಿಫ್ಟ್‌ಗೆ ಒಬ್ಬ ನರ್ಸ್ ಅವರನ್ನಷ್ಟೇ ನೋಡಿಕೊಳ್ಳಲಿ. ಅದು ಆಗದಿದ್ದರೆ, ಆರೋಗ್ಯವಾಗಿರುವ ಮಕ್ಕಳ ಕೆಲಸ ಮೊದಲು ಮುಗಿಸಿ ಇವರ ಹತ್ತಿರ ಕೊನೆಗೆ ಹೋಗಲಿ.

ಈಗ ಕ್ಲೆಬ್ಸಿಯೆಲ್ಲಾ ಎಲ್ಲಿ ಇರುತ್ತದೆ ನೋಡೋಣ. ಅದು ಕರುಳಿನಲ್ಲಿ ಇರುತ್ತದೆ, ಒದ್ದೆ ಜಾಗದಲ್ಲಿ ಬೆಳೆಯುತ್ತದೆ, ಕೈಯಲ್ಲಿ ಸಾಗುತ್ತದೆ. ಹಾಗಾಗಿ ಘಟಕದಲ್ಲಿ ಒದ್ದೆಯಾಗಿರುವ ಎಲ್ಲವನ್ನೂ ಒಂದು ಸುತ್ತು ನೋಡಿ. ನಾನಾದರೆ ಮೊದಲು ಹೋಗುವುದು ಔಷಧ ತಯಾರಿಸುವ ಟ್ರಾಲಿಗೆ. ಅಲ್ಲಿ ಸಲೈನ್ ಬಾಟಲಿಯ ರಬ್ಬರಿಗೆ ಸೂಜಿ ಚುಚ್ಚಿ ಹಾಗೇ ಬಿಟ್ಟಿದ್ದಾರಾ? ಬೆಳಗ್ಗೆಯಿಂದ ಎಲ್ಲ ಮಕ್ಕಳ ಕ್ಯಾನುಲಾ ತೊಳೆಯುವ ಫ್ಲಶ್‌ಗೂ ಅದೇ ಬಾಟಲಿಯಿಂದ ಎಳೆಯುತ್ತಿದ್ದಾರಾ? ಡೆಕ್ಸ್ಟ್ರೋಸ್ ಬಾಟಲಿ ಒಂದನ್ನೇ ನಾಲ್ಕು ಮಕ್ಕಳಿಗೆ ಹಂಚುತ್ತಿದ್ದಾರಾ? ಉಳಿತಾಯ ಅಂತಲೋ, ಸ್ಟಾಕ್ ಕಡಿಮೆ ಅಂತಲೋ ಇದು ಎಷ್ಟೋ ಕಡೆ ನಡೆಯುತ್ತದೆ. ಯಾರೂ ಕೆಟ್ಟ ಉದ್ದೇಶದಿಂದ ಮಾಡುವುದಲ್ಲ. ಆದರೆ ಬಾಟಲಿಗೆ ಒಂದು ಸಲ ಬ್ಯಾಕ್ಟೀರಿಯಾ ಸೇರಿತೆಂದರೆ ಅದು ನೇರವಾಗಿ ಮಗುವಿನ ರಕ್ತಕ್ಕೇ ಹೋಗುತ್ತದೆ. ಒಂದು ಮಗುವಿಗೆ ಒಂದು ಬಾಟಲಿ ಅನ್ನುವ ನಿಯಮವನ್ನು ಇವತ್ತಿನಿಂದಲೇ ತನ್ನಿ. ಫ್ಲಶ್‌ಗೆ ಚಿಕ್ಕ ಆಂಪೂಲ್ ಕೊಡಿ ಅಂತ ಫಾರ್ಮಸಿಗೆ ಇಂಡೆಂಟ್ ಹಾಕಿ. ಔಷಧ ತಯಾರಿಸುವ ಟ್ರಾಲಿ ಸಿಂಕ್ ಪಕ್ಕದಲ್ಲಿದ್ದರೆ ದೂರ ಸರಿಸಿ, ಸಿಂಕ್‌ನಿಂದ ಹಾರುವ ಹನಿ ಕಣ್ಣಿಗೆ ಕಾಣುವುದಿಲ್ಲ.

ಮುಂದೆ ಆಕ್ಸಿಜನ್ ಮತ್ತು ಸಿಪ್ಯಾಪ್‌ನ ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಕೊಡುವ ನೀರಿನ ಬಾಟಲಿ. ಅದರಲ್ಲಿ ಸ್ಟೆರೈಲ್ ನೀರೇ ಇರಬೇಕು. ಹಳೆ ನೀರಿನ ಮೇಲೆ ಹೊಸ ನೀರು ಸುರಿಯಬಾರದು, ಪೂರ್ತಿ ಚೆಲ್ಲಿ, ಬಾಟಲಿ ಸ್ವಚ್ಛ ಮಾಡಿ ತುಂಬಿಸಬೇಕು. ಸಕ್ಷನ್ ಜಾರ್ ಪ್ರತಿ ಶಿಫ್ಟ್‌ನಲ್ಲೂ ಖಾಲಿಯಾಗಬೇಕು. ಆಮೇಲೆ ಹಾಲು. ಹಿಂಡಿದ ತಾಯಿಹಾಲು ಎಲ್ಲಿ ಇಡುತ್ತೀರಿ, ಒಳಲೆ ಎಲ್ಲಿ ತೊಳೆಯುತ್ತೀರಿ? ಒಂದೇ ಬೇಸಿನ್‌ನಲ್ಲಿ ಎಲ್ಲರ ಒಳಲೆಗಳನ್ನೂ ಅದ್ದಿ ತೆಗೆಯುವುದನ್ನು ನಾನು ಕಂಡಿದ್ದೇನೆ. ಪ್ರತಿ ಮಗುವಿಗೂ ಹೆಸರು ಬರೆದ ತನ್ನದೇ ಒಳಲೆ ಇರಲಿ. ಸೋಪಿನಲ್ಲಿ ತೊಳೆದು, ಕುದಿಸಿ, ಮುಚ್ಚಿ ಒಣಗಿಸಿ ಇಡಿ.

ಹೆರಿಗೆ ಕೋಣೆಯನ್ನೂ ಮರೆಯಬೇಡಿ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ 13,000ಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಗಮನಿಸಿದ ಒಂದು ಅಧ್ಯಯನ ನಡೆಯಿತು. ಅಲ್ಲಿ ರಕ್ತಕ್ಕೆ ಹರಡುವ ತೀವ್ರ ಸೋಂಕಾದ ಸೆಪ್ಸಿಸ್‌ಗೆ ಮುಖ್ಯವಾಗಿ ಕಂಡದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಮತ್ತು ಇ. ಕೋಲೈ. ಮೊದಲೆರಡರಲ್ಲಿ ಬಹಳಷ್ಟು, ಹಲವು ಔಷಧಗಳಿಗೆ ಬಗ್ಗದವು. ಇನ್ನೂ ಮುಖ್ಯವಾದ ವಿಷಯ ಏನೆಂದರೆ, ಹತ್ತಿರ ಹತ್ತಿರ ಮೂರನೇ ಎರಡು ಪಾಲು ಸೆಪ್ಸಿಸ್ ಹುಟ್ಟಿದ 72 ಗಂಟೆಯೊಳಗೇ ಕಾಣಿಸಿಕೊಂಡಿತ್ತು. ಅಂದರೆ ಮಗು ನಿಮ್ಮ ಘಟಕಕ್ಕೆ ಬರುವ ಮೊದಲೇ, ಅಥವಾ ಬಂದ ಕೂಡಲೇ, ಸೋಂಕು ಹತ್ತಿರಬಹುದು. ನಿಮ್ಮ ಹಾಳೆಯಲ್ಲಿ ಮೂವರೂ ಒಂದೇ ಹೆರಿಗೆ ಕೋಣೆಯಿಂದ ಬಂದವರಾಗಿ, ಮೂರು ದಿನದೊಳಗೆ ಕಾಯಿಲೆ ಬಿದ್ದಿದ್ದರೆ, ಅಲ್ಲಿನ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಸಕ್ಷನ್ ಟ್ಯೂಬ್, ಮಗುವನ್ನು ಒರೆಸುವ ಬಟ್ಟೆ ಇವುಗಳನ್ನೂ ನೋಡಲೇಬೇಕು. ಇದು ಹೆರಿಗೆ ವಾರ್ಡಿನ ಇನ್‌ಚಾರ್ಜ್ ಜೊತೆ ಕೂತು ಮಾಡುವ ಕೆಲಸ. ಅವರ ಮೇಲೆ ಹೊರಿಸಲು ಹೋಗಬೇಡಿ, ಹೋದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಫ್ಯೂಮಿಗೇಶನ್ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿದೆ: ಬೇಡ. ಫಾರ್ಮಾಲಿನ್ ಹೊಗೆ ಕ್ಯಾನ್ಸರ್ ತರುವ ವಸ್ತು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿದೆ. ಕಣ್ಣು, ಶ್ವಾಸಕೋಶ ಎರಡಕ್ಕೂ ಕೆಟ್ಟದ್ದು. ಗೋಡೆಗೆ ಹೊಗೆ ಹಾಕಿದರೆ ಸಲೈನ್ ಬಾಟಲಿಯೊಳಗಿನ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಮ್ಮ ಕೈಯ ಮೇಲಿನದ್ದೂ ಸಾಯುವುದಿಲ್ಲ. ಜೊತೆಗೆ ಘಟಕ ಖಾಲಿ ಮಾಡಲು ಮಕ್ಕಳನ್ನು ಬೇರೆ ವಾರ್ಡಿಗೆ ಸಾಗಿಸಿದರೆ ಸೋಂಕನ್ನೂ ಅಲ್ಲಿಗೆ ಸಾಗಿಸಿದ ಹಾಗೆ. ಫ್ಯೂಮಿಗೇಶನ್‌ನ ದೊಡ್ಡ ತೊಂದರೆ ಏನು ಗೊತ್ತಾ? ಅದಾದ ಮೇಲೆ ಎಲ್ಲರಿಗೂ ‘ಆಯ್ತಲ್ಲ, ಮುಗೀತು’ ಅನ್ನಿಸುತ್ತದೆ. ನಿಜವಾದ ಕಾರಣ ಹುಡುಕುವುದು ಅಲ್ಲಿಗೇ ನಿಂತುಹೋಗುತ್ತದೆ.

ಅದರ ಬದಲು ಸ್ವಚ್ಛ ಮಾಡಿ. ಮೊದಲು ಸೋಪು ನೀರು, ಆಮೇಲೆ ಕ್ರಿಮಿನಾಶಕ. ಕೊಳೆ ಇರುವ ಜಾಗಕ್ಕೆ ಸುಮ್ನೆ ಹೈಪೋಕ್ಲೋರೈಟ್ ಸುರಿದರೆ ಅದು ಕೆಲಸ ಮಾಡುವುದಿಲ್ಲ. ದ್ರಾವಣವನ್ನು ದಿನವೂ ಹೊಸದಾಗಿ ಮಾಡಿ, ಬಾಟಲಿಯ ಮೇಲೆ ತಾರೀಕು, ಸಮಯ ಬರೆಯಿರಿ. ಜಾಸ್ತಿ ಮುಟ್ಟುವ ಜಾಗಗಳಿಗೆ ಮೊದಲ ಆದ್ಯತೆ ಕೊಡಿ: ವಾರ್ಮರ್‌ನ ಗುಂಡಿ, ಮಾನಿಟರ್, ಇನ್ಫ್ಯೂಷನ್ ಪಂಪ್, ಫ್ರಿಜ್ ಹಿಡಿ, ಕೇಸ್ ಶೀಟಿನ ಫೈಲ್, ಫೋನ್. ಇನ್ನೊಂದು ವಿಷಯ, ಫಿನಾಲ್ ಇರುವ ಕ್ರಿಮಿನಾಶಕವನ್ನು ಮಗು ಮಲಗುವ ವಾರ್ಮರಿಗೋ ತೊಟ್ಟಿಲಿಗೋ ಬಳಸಬೇಡಿ. ನವಜಾತ ಶಿಶುಗಳಲ್ಲಿ ಅದು ಕಾಮಾಲೆ ಹೆಚ್ಚಿಸಿದ ದಾಖಲೆ ಇದೆ.

ಗೋಡೆ, ಕಿಟಕಿ, ಫ್ಯಾನ್ ಎಲ್ಲದರ ಸ್ವಾಬ್ ತೆಗೆದು ಕಳಿಸಿ ಅಂತಲೂ ಯಾರಾದರೂ ಹೇಳುತ್ತಾರೆ. ಒಪ್ಪಬೇಡಿ. ಎಲ್ಲಿ ಸ್ವಾಬ್ ಮಾಡಿದರೂ ಏನಾದರೊಂದು ಬೆಳೆಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಹಾಳೆ ಎತ್ತ ಬೆರಳು ಮಾಡುತ್ತದೋ ಆ ವಸ್ತುವನ್ನು ಮಾತ್ರ ಪರೀಕ್ಷೆಗೆ ಕಳಿಸಿ.

ಇನ್ನು ಕೈಯ ವಿಷಯ. ನೀವು ಇದರಲ್ಲಿ ತರಬೇತಿ ಪಡೆದವರು, ಕೈ ಸ್ವಚ್ಛ ಮಾಡಬೇಕಾದ ಐದು ಸಂದರ್ಭಗಳನ್ನು ನಾನು ಮತ್ತೆ ಪಾಠ ಮಾಡುವುದಿಲ್ಲ. ಜಿನೀವಾದ ಆಸ್ಪತ್ರೆಯಲ್ಲಿ ನಡೆದದ್ದನ್ನು ಮಾತ್ರ ಹೇಳುತ್ತೇನೆ. ಅಲ್ಲಿ ಡಾ. ಡಿಡಿಯೆ ಪಿಟೆ ಅವರ ತಂಡ 1994ರಲ್ಲಿ ನೋಡಿದಾಗ, ಕೈ ಸ್ವಚ್ಛ ಮಾಡಬೇಕಾದ ಸಂದರ್ಭಗಳಲ್ಲಿ ಶೇ. 48ರಷ್ಟು ಸಲ ಮಾತ್ರ ಮಾಡುತ್ತಿದ್ದರು. ನರ್ಸ್‌ಗಳದ್ದು ಶೇ. 52, ಡಾಕ್ಟರ್‌ಗಳದ್ದು ಶೇ. 30. ಕೆಲಸದ ಒತ್ತಡ ಹೆಚ್ಚಿದಷ್ಟೂ ಕೈ ಸ್ವಚ್ಛತೆ ಕಡಿಮೆಯಾಗುತ್ತಿತ್ತು. ಐಸಿಯುವಿನಲ್ಲಿ ಎಲ್ಲಕ್ಕಿಂತ ಕಡಿಮೆ. ಅವರು ಹಾಸಿಗೆ ಹಾಸಿಗೆಗೂ ಆಲ್ಕೋಹಾಲ್ ಹ್ಯಾಂಡ್ ರಬ್ ಇಟ್ಟರು, ಆಡಳಿತದವರನ್ನೂ ಜೊತೆಗೆ ಸೇರಿಸಿಕೊಂಡರು. 1997ರ ಹೊತ್ತಿಗೆ ಅದು ಶೇ. 66ಕ್ಕೆ ಏರಿತು, ಆಸ್ಪತ್ರೆಯಲ್ಲಿ ಹತ್ತುವ ಸೋಂಕು 1998ರ ಹೊತ್ತಿಗೆ ಶೇ. 16.9ರಿಂದ 9.9ಕ್ಕೆ ಇಳಿಯಿತು. ಶೇ. 66 ಏನೂ ನೂರಕ್ಕೆ ನೂರಲ್ಲ ಅಲ್ವಾ? ಆದರೂ ಅಷ್ಟು ಬದಲಾವಣೆ ಆಯಿತು.

ನಾನು ಇದರಿಂದ ತೆಗೆದುಕೊಳ್ಳುವುದು ಇಷ್ಟು: ಕೈ ಸ್ವಚ್ಛತೆ ಹುಡುಗಿಯರ ಶಿಸ್ತಿನ ಪ್ರಶ್ನೆ ಅಂತ ನೋಡಬೇಡಿ. ಸೋಪು ನೀರಿನಲ್ಲಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡ್ ಬೇಕು, ಸಿಂಕ್‌ವರೆಗೆ ಹೋಗಿ ಬರುವ ಸಮಯ ಬೇರೆ. ಹ್ಯಾಂಡ್ ರಬ್‌ಗೆ 20ರಿಂದ 30 ಸೆಕೆಂಡ್ ಸಾಕು, ನಿಂತಲ್ಲೇ ಆಗುತ್ತದೆ. ಕೈಗೆ ಕಣ್ಣಿಗೆ ಕಾಣುವ ಕೊಳೆ ಅಂಟಿದ್ದರೆ ಮಾತ್ರ ಸೋಪೇ ಬೇಕು. ಪ್ರತಿ ವಾರ್ಮರಿಗೂ ಒಂದು ಬಾಟಲಿ ಕಟ್ಟಿಸಿ. ಬಾಟಲಿ ಖಾಲಿಯಾದರೆ ತುಂಬಿಸುವುದು ಯಾರ ಕೆಲಸ ಅಂತ ಹೆಸರು ಹಾಕಿ. ಸರಬರಾಜು ತಡವಾದರೆ, ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಸೂತ್ರದ ಪ್ರಕಾರ ಆಸ್ಪತ್ರೆಯ ಫಾರ್ಮಸಿಯಲ್ಲೇ ತಯಾರಿಸಬಹುದು. ಶೇ. 80 ಎಥನಾಲ್, ಜೊತೆಗೆ ಸ್ವಲ್ಪ ಗ್ಲಿಸರಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್. ಬಳೆ, ಉಂಗುರ, ವಾಚ್ ಘಟಕದ ಬಾಗಿಲಲ್ಲೇ ತೆಗೆಯಬೇಕು, ಡಾಕ್ಟರ್ ಆದರೂ ಅಷ್ಟೇ. ಬಳೆ ತೆಗೆಯುವುದು ಕೆಲವರಿಗೆ ಮನಸ್ಸಿಗೆ ಕಷ್ಟ ಅಂತ ನನಗೆ ಗೊತ್ತು. ಗದರಬೇಡಿ, ಬೀಗ ಇರುವ ಒಂದು ಚಿಕ್ಕ ಪೆಟ್ಟಿಗೆ ಕೊಡಿ. ಕಳೆದುಹೋಗುವ ಭಯ ಹೋದರೆ ಅರ್ಧ ಕೆಲಸ ಆದ ಹಾಗೆ. ಗ್ಲೌಸ್ ಹಾಕಿದ್ದೇನೆ ಅಂತ ಕೈ ಸ್ವಚ್ಛ ಮಾಡಿಕೊಳ್ಳದವರನ್ನು ಮಾತ್ರ ಬಿಡಬೇಡಿ. ಒಂದೇ ಗ್ಲೌಸ್‌ನಲ್ಲಿ ಮಗು, ಪಂಪ್, ಪಕ್ಕದ ಮಗು ಅಂತ ಮುಟ್ಟುತ್ತಾ ಹೋಗುವುದು ಬರಿಗೈಗಿಂತ ಕೆಟ್ಟದ್ದು.

ಈಗ ನಿಮ್ಮ ಪತ್ರದ ನಿಜವಾದ ನೋವಿಗೆ ಬರುತ್ತೇನೆ. ಹುಡುಗಿಯರು ಡಾಕ್ಟರ್‌ಗೆ ಹೇಳುವುದಿಲ್ಲ. ಯಾಕೆ ಹೇಳುತ್ತಾರೆ ಹೇಳಿ? ಹೇಳಿದ ದಿನ ಬೈಸಿಕೊಂಡು, ಮರುದಿನ ಅದೇ ಡಾಕ್ಟರ್ ಜೊತೆ ಕೆಲಸ ಮಾಡಬೇಕು. ಗುತ್ತಿಗೆ ಮೇಲೆ ಇರುವವರಾದರೆ ಕೆಲಸದ ಭಯವೂ ಇರುತ್ತದೆ. ಅವರಿಗೆ ಧೈರ್ಯದ ಭಾಷಣ ಮಾಡಿ ಪ್ರಯೋಜನವಿಲ್ಲ. ಹೇಳಿದರೆ ಏನೂ ಆಗುವುದಿಲ್ಲ ಅನ್ನುವ ಖಾತ್ರಿ ಬೇಕು. ಆ ಖಾತ್ರಿಯನ್ನು ಕೊಡುವುದೇ ಇನ್‌ಚಾರ್ಜ್ ಆದವರ ಮೊದಲ ಕೆಲಸ ಅಂತ ನಾನು ನಂಬಿದ್ದೇನೆ. ಉಳಿದ ಪಟ್ಟಿ, ಪೋಸ್ಟರ್, ರಿಜಿಸ್ಟರ್ ಎಲ್ಲ ಅದರ ನಂತರ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಜಾನ್ಸ್ ಹಾಪ್ಕಿನ್ಸ್‌ನ ಡಾ. ಪೀಟರ್ ಪ್ರೊನೊವೊಸ್ಟ್ ಅವರ ತಂಡ ಅಲ್ಲಿನ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಸೆಂಟ್ರಲ್ ಲೈನ್ ಹಾಕುವಾಗ ಐದು ಅಂಶ ಪಾಲಿಸಬೇಕು ಅಂತ ತಂದಿತು. ಕೈ ಸ್ವಚ್ಛತೆ, ಪೂರ್ತಿ ಸ್ಟೆರೈಲ್ ಗೌನು ಮತ್ತು ಹೊದಿಕೆ, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್, ಸಾಧ್ಯವಾದರೆ ತೊಡೆಸಂದಿಯ ಜಾಗ ಬಿಡುವುದು, ಬೇಡವಾದ ಲೈನ್ ತೆಗೆಯುವುದು. ಅದರಲ್ಲಿ ಹೊಸದೇನೂ ಇರಲಿಲ್ಲ. ಇವೆಲ್ಲ ಎಲ್ಲರಿಗೂ ಗೊತ್ತಿದ್ದವೇ. ಹೊಸದು ಇದ್ದದ್ದು ಒಂದೇ: ಯಾವುದಾದರೂ ಹಂತ ತಪ್ಪಿದರೆ, ತುರ್ತು ಸ್ಥಿತಿ ಅಲ್ಲದಿದ್ದರೆ, ಲೈನ್ ಹಾಕುವುದನ್ನು ಅಲ್ಲೇ ನಿಲ್ಲಿಸುವ ಅಧಿಕಾರ ನರ್ಸ್‌ಗೆ ಇತ್ತು, ಮತ್ತು ಆಡಳಿತ ಅವರ ಬೆನ್ನಿಗಿತ್ತು. 1,000 ಕ್ಯಾತಿಟರ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಕ್ಯಾತಿಟರ್ ದಿನ) 2.7 ಇದ್ದ ರಕ್ತದ ಸೋಂಕಿನ ಮಧ್ಯಮ ಮೌಲ್ಯ ಮೂರು ತಿಂಗಳಲ್ಲಿ ಸೊನ್ನೆಗೆ ಬಂತು. 2006ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅವು ಹೆಚ್ಚಾಗಿ ದೊಡ್ಡವರ ಐಸಿಯುಗಳು, ಶಿಶುಗಳ ಚರ್ಮ, ರಕ್ತನಾಳ ಬೇರೆ. ಒಂದು ಕೇಜಿಗಿಂತ ಕಡಿಮೆ ತೂಕದ ಮಗುವಿಗೆ ಕ್ಲೋರ್‌ಹೆಕ್ಸಿಡಿನ್ ಚರ್ಮ ಸುಡಬಹುದು, ಅದನ್ನು ನಿಮ್ಮ ಮಕ್ಕಳ ತಜ್ಞರು ತೀರ್ಮಾನಿಸಬೇಕು. ಆದರೆ ನಿಲ್ಲಿಸುವ ಅಧಿಕಾರ ಎಲ್ಲ ಕಡೆಗೂ ಸಲ್ಲುತ್ತದೆ.

ನಿಮ್ಮಲ್ಲಿ ಇದನ್ನು ಹೀಗೆ ಮಾಡಬಹುದು. ಮೊದಲು ಮಕ್ಕಳ ವಿಭಾಗದ ಮುಖ್ಯಸ್ಥರನ್ನು ಒಬ್ಬರೇ ಇದ್ದಾಗ ಕಾಣಿ. ದೂರು ಹೇಳಲು ಹೋಗಬೇಡಿ. ನಿಮ್ಮ ಹಾಳೆ ತೋರಿಸಿ, ‘ಸರ್, ನಾಳೆಯಿಂದ ರೌಂಡ್ಸ್‌ನಲ್ಲಿ ನಮ್ಮ ಹುಡುಗಿಯರು ಎಲ್ಲರಿಗೂ ಹ್ಯಾಂಡ್ ರಬ್ ಕೇಳುತ್ತಾರೆ. ಮೊದಲ ದಿನ ನಿಮ್ಮನ್ನೇ ಕೇಳಲಿ, ನೀವು ಥ್ಯಾಂಕ್ಸ್ ಹೇಳಿ’ ಅಂತ ಕೇಳಿಕೊಳ್ಳಿ. ಒಳ್ಳೆಯ ಡಾಕ್ಟರ್‌ಗಳಲ್ಲಿ ಬಹಳ ಜನ ಒಪ್ಪುತ್ತಾರೆ. ದೊಡ್ಡ ಡಾಕ್ಟರ್ ನಿಂತು ಕೈ ಉಜ್ಜಿಕೊಂಡಿದ್ದನ್ನು ಪಿಜಿ ಹುಡುಗರು, ಇಂಟರ್ನ್‌ಗಳು ನೋಡಿದರೆ ಅವರು ತಾವಾಗಿಯೇ ಮಾಡುತ್ತಾರೆ. ಆಮೇಲೆ ವಿಭಾಗದ ಮುಖ್ಯಸ್ಥರ ಮತ್ತು ಅಧೀಕ್ಷಕರ ಸಹಿ ಇರುವ ಎರಡು ಸಾಲಿನ ಆದೇಶ ಘಟಕದ ಬಾಗಿಲಿಗೆ ಅಂಟಿಸಿ.

ಹುಡುಗಿಯರಿಗೆ ಒಂದು ಸಿದ್ಧ ಮಾತು ಕೊಡಿ. ‘ಸರ್, ಒಂದ್ನಿಮಿಷ, ಹ್ಯಾಂಡ್ ರಬ್.’ ಅಷ್ಟೇ. ವಾದ ಬೇಡ, ವಿವರಣೆ ಬೇಡ. ಇದನ್ನು ಮೊದಲು ನಿಮ್ಮ ಮೇಲೆಯೇ ಪ್ರಯೋಗಿಸಲು ಹೇಳಿ. ಇನ್‌ಚಾರ್ಜ್‌ಗೆ ಹೇಳಿ ರೂಢಿಯಾದರೆ ಬೇರೆಯವರಿಗೆ ಹೇಳುವುದು ಕಷ್ಟವಾಗುವುದಿಲ್ಲ. ಯಾರಾದರೂ ಸಿಟ್ಟು ಮಾಡಿಕೊಂಡರೆ ಆ ಹುಡುಗಿ ಅಲ್ಲಿ ಉತ್ತರ ಕೊಡಬೇಕಾಗಿಲ್ಲ, ನಿಮಗೆ ಬಂದು ಹೇಳಲಿ. ನೀವು ಅವತ್ತೇ ಆ ಡಾಕ್ಟರ್ ಜೊತೆ ಮಾತಾಡಿ. ನಾಳೆಗೆ ಬಿಟ್ಟರೆ ಇಡೀ ಘಟಕಕ್ಕೆ ಉತ್ತರ ಗೊತ್ತಾಗಿಬಿಡುತ್ತದೆ: ಮೇಡಂ ಸುಮ್ನೆ ಹೇಳ್ತಾರೆ, ಏನೂ ಮಾಡಲ್ಲ ಅಂತ. ನೈಟ್ ಡ್ಯೂಟಿಯವರನ್ನು ವಿಶೇಷವಾಗಿ ನೆನಪಿಡಿ. ಅವರ ಜೊತೆ ನೀವು ಇರುವುದಿಲ್ಲ, ಕ್ಯಾನುಲಾ ಹಾಕುವುದು, ತುರ್ತು ದಾಖಲಾತಿ ರಾತ್ರಿಯೇ ಜಾಸ್ತಿ. ಆಗಾಗ ರಾತ್ರಿ ಹೋಗಿ ಬನ್ನಿ, ತಪ್ಪು ಹಿಡಿಯಲು ಅಲ್ಲ, ಏನು ಸಾಲುತ್ತಿಲ್ಲ ಅಂತ ಕೇಳಲು.

ಗ್ರೂಪ್ ಡಿ ನೌಕರರನ್ನೂ ಇದೇ ತಂಡಕ್ಕೆ ಸೇರಿಸಿ. ಒಂದೇ ಬಕೆಟ್ ನೀರಿನಲ್ಲಿ ಶೌಚಾಲಯವನ್ನೂ ಘಟಕವನ್ನೂ ಒರೆಸಬಾರದು ಅಂತ ಅವರಿಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದಾರಾ? ಹೆಪಟೈಟಿಸ್ ಬಿ ಲಸಿಕೆ ಅವರಿಗೆ ಆಗಿದೆಯಾ? ಸೂಜಿ ಚುಚ್ಚುವ ಅಪಾಯ ಕಸ ಎತ್ತುವವರಿಗೂ ಇರುತ್ತದೆ.

ಮೆಮೊಗೆ ಉತ್ತರ ಬರೆಯುವಾಗ ಕ್ಷಮೆಯೂ ಬೇಡ, ಪ್ರತಿ ಆರೋಪವೂ ಬೇಡ. ಹಾಳೆಯ ಪ್ರತಿ ಲಗತ್ತಿಸಿ. ಆ ಎರಡು ವಾರ ಪ್ರತಿ ಶಿಫ್ಟ್‌ನಲ್ಲಿ ಎಷ್ಟು ಮಕ್ಕಳಿದ್ದರು, ಎಷ್ಟು ನರ್ಸ್‌ಗಳಿದ್ದರು ಅನ್ನುವ ಕೋಷ್ಟಕ ಹಾಕಿ. ಇಂಥ ಘಟಕಗಳಲ್ಲಿ ಪ್ರತಿ ಶಿಫ್ಟ್‌ಗೆ 3-4 ಮಕ್ಕಳಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ಸರ್ಕಾರದ್ದೇ ಮಾರ್ಗಸೂಚಿ. ನಿಮ್ಮಲ್ಲಿ ರಾತ್ರಿ ಹತ್ತು ಮಕ್ಕಳಿಗೆ ಒಬ್ಬರಿದ್ದರೆ, ಒಂದು ವಾರ್ಮರ್‌ನಲ್ಲಿ ಎರಡು ಮಕ್ಕಳಿದ್ದರೆ, ಅದನ್ನು ಅಂಕಿಯಲ್ಲೇ ಬರೆಯಿರಿ. ಜಿನೀವಾದಂಥ ಊರಿನಲ್ಲೇ ಕೆಲಸ ಹೆಚ್ಚಿದಾಗ ಕೈ ಸ್ವಚ್ಛತೆ ಕುಸಿಯಿತು. ಸಿಬ್ಬಂದಿ ಕೇಳುವುದು ಸೋಂಕು ನಿಯಂತ್ರಣದ ಭಾಗವೇ. ಜೊತೆಗೆ, ಸೋಂಕು ನಿಯಂತ್ರಣಕ್ಕೆಂದೇ ಪೂರ್ಣಾವಧಿ ನರ್ಸ್ ನಿಮ್ಮ ಆಸ್ಪತ್ರೆಯಲ್ಲಿ ಇದ್ದಾರಾ ಕೇಳಿ. ಕನಿಷ್ಠ 250 ಹಾಸಿಗೆಗೆ ಒಬ್ಬರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಹೆಸರಿಗೆ ಒಬ್ಬರನ್ನು ನೇಮಿಸಿ ಇಂಜೆಕ್ಷನ್ ರೂಮಿನ ಕೆಲಸಕ್ಕೂ ಹಾಕುವುದು ಲೆಕ್ಕಕ್ಕಿಲ್ಲ.

ತಾಯಂದಿರನ್ನು ಹೊರಗಿಡುವ ಸೂಚನೆಯನ್ನು ದಯವಿಟ್ಟು ವಿರೋಧಿಸಿ. ಇದರ ಬಗ್ಗೆ ನನಗೆ ತುಂಬಾ ಕಾಳಜಿ ಇದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಕಾಂಗರೂ ಆರೈಕೆ ಶುರು ಮಾಡಿದ್ದೇ ಇನ್‌ಕ್ಯುಬೇಟರ್ ಸಾಲದೆ, ಒಂದರಲ್ಲೇ ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಮಲಗಿಸಿ, ಸೋಂಕು ಹರಡುತ್ತಿದ್ದ ವಾರ್ಡಿನಲ್ಲಿ. ಮಗುವನ್ನು ತಾಯಿಯ ಎದೆಗೆ ಕೊಟ್ಟರು. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಇತ್ತು. 1ರಿಂದ 1.8 ಕೇಜಿ ತೂಕದ ಮಕ್ಕಳನ್ನು, ಸ್ಥಿತಿ ಸುಧಾರಿಸಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದಾಗ 28 ದಿನದೊಳಗಿನ ಸಾವು ಶೇ. 15.7ರ ಬದಲು 12 ಆಯಿತು. ಸೆಪ್ಸಿಸ್ ಅನುಮಾನವೂ ಕಡಿಮೆಯಾಯಿತು. ತಾಯಿಯ ಮೈಮೇಲಿನ ಬ್ಯಾಕ್ಟೀರಿಯಾ ಮಗುವಿಗೆ ಬೇಕಾದವು, ನಮ್ಮ ಆಸ್ಪತ್ರೆಯವು ಬೇಡವಾದವು. ಎದೆಯ ಮೇಲಿರುವ ಮಗುವನ್ನು ಮುಟ್ಟುವ ಕೈಗಳೂ ಕಡಿಮೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಕೆಲಸ ನಡೆದಿದೆ.

ತಡೆಯಬೇಕಾದದ್ದು ಗುಂಪನ್ನು. ತಾಯಿ, ಅವರ ಜೊತೆ ಒಬ್ಬರು ಸಾಕು. ನೆಗಡಿ, ಕೆಮ್ಮು ಇದ್ದವರು ಬೇಡ. ಅಜ್ಜಿಯರ ಜೊತೆ ಜಗಳಕ್ಕೆ ಹೋಗಬೇಡಿ, ಮೊದಲ ದಿನವೇ ಕೂರಿಸಿಕೊಂಡು ಕೈ ತೊಳೆಯುವುದನ್ನು ಕಲಿಸಿ. ಕಲಿತ ಅಜ್ಜಿ ಇಡೀ ವಾರ್ಡಿಗೆ ಕಲಿಸುತ್ತಾರೆ. ಜೇನು ನೆಕ್ಕಿಸುವುದು ಬೇಡವೇ ಬೇಡ. ದೃಷ್ಟಿ ದಾರವನ್ನು ಕ್ಯಾನುಲಾ ಇರುವ ಕೈಗೆ ಕಟ್ಟಬಾರದು. ತೊಟ್ಟಿಲ ಹೊರಗಿನ ಕಂಬಿಗೆ ಕಟ್ಟಲು ಜಾಗ ತೋರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಏನಾಗುತ್ತಿದೆ ಅಂತ ಮನೆಯವರಿಗೆ ಡಾಕ್ಟರ್ ಜೊತೆ ನಿಂತು ನಿಜ ಹೇಳಿ. ಮಗುವನ್ನು ಕಳೆದುಕೊಂಡವರಿಗೂ ಅದು ತಿಳಿಯಬೇಕು.

ಕೊನೆಯದಾಗಿ ಲೆಕ್ಕ. ಪ್ರತಿ ರಾತ್ರಿ ಒಂದೇ ಸಮಯಕ್ಕೆ ಎಷ್ಟು ಮಕ್ಕಳಿಗೆ ಸೆಂಟ್ರಲ್ ಲೈನ್ ಇದೆ, ಎಷ್ಟು ಮಕ್ಕಳು ವೆಂಟಿಲೇಟರ್‌ನಲ್ಲಿದ್ದಾರೆ ಅಂತ ಎಣಿಸಿ ಬರೆಯಿರಿ. ತಿಂಗಳ ಕೊನೆಗೆ ರಕ್ತದ ಸೋಂಕಿನ ಸಂಖ್ಯೆಯನ್ನು ಲೈನ್ ದಿನಗಳಿಂದ (ಪ್ರತಿ ರಾತ್ರಿಯ ಲೈನ್ ಎಣಿಕೆಯ ಒಟ್ಟು ಮೊತ್ತ) ಭಾಗಿಸಿ 1,000ದಿಂದ ಗುಣಿಸಿ. ಆ ಅಂಕಿಯನ್ನು ಡಾಕ್ಟರ್, ನರ್ಸ್, ಆಯಾ ಎಲ್ಲರೂ ನೋಡುವ ಕಡೆ ಹಾಕಿ. ಅಧೀಕ್ಷಕರಿಗೆ ಈಗಲೇ ಒಂದು ಮಾತು ಹೇಳಿಡಿ: ಸರಿಯಾಗಿ ಎಣಿಸಲು ಶುರು ಮಾಡಿದ ಮೊದಲ ಎರಡು ಮೂರು ತಿಂಗಳು ಸೋಂಕಿನ ಅಂಕಿ ಏರಬಹುದು. ಮೊದಲು ಕಾಣದೆ ಹೋಗುತ್ತಿದ್ದವು ಈಗ ದಾಖಲಾಗುತ್ತವೆ, ಅಷ್ಟೇ. ಆಗ ಇನ್ನೊಂದು ಮೆಮೊ ಬಂದರೆ ಹುಡುಗಿಯರು ಬರೆಯುವುದನ್ನೇ ನಿಲ್ಲಿಸುತ್ತಾರೆ.